ಅತ್ತೆ ಸಾಕಿದ ಸಕ್ಕರೆ ನೊಣಗಳು

ಬೇಕೆಂದೇ, ಗೊತ್ತಿದ್ದೂ ಗೊತ್ತಿದ್ದೂ, ನೂರಾರು ಜೀವಗಳಿಗೆ ಸಕ್ಕರೆ ಕಾಯಿಲೆ ತರಿಸಿರುವ ಹೆಂಗಸೊಬ್ಬಳು ಚಾಮರಾಜನಗರದಲ್ಲಿದ್ದಾಳೆ. ಅವಳನ್ನು ಪೊಲೀಸರು ಇನ್ನೂ ಹಿಡಿದಿಲ್ಲ. ಅದರ ಬದಲು ಕಾಲೇಜಿನವರು ತಿಂಗಳು ತಿಂಗಳು ಸಂಬಳ ಕೊಡುತ್ತಾರೆ, ಹುಡುಗರು ಶಿಕ್ಷಕರ ದಿನಾಚರಣೆಗೆ ಪೆನ್ನು ಕೊಡುತ್ತಾರೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚ, ಆ ಹೆಂಗಸು ನನ್ನ ಸೋದರತ್ತೆ.

ಗಾಬರಿಯಾಗಬೇಡಿ. ಆ ಜೀವಗಳೆಲ್ಲ ಹಣ್ಣಿನ ನೊಣಗಳು. ಬಾಳೆಹಣ್ಣನ್ನು ಒಂದೆರಡು ದಿನ ಹೆಚ್ಚಿಗೆ ಇಟ್ಟರೆ ಎಲ್ಲಿಂದಲೋ ಬಂದು ಅದರ ಸುತ್ತ ತೇಲಾಡುತ್ತವಲ್ಲ, ಎಳ್ಳು ಕಾಳಿನಷ್ಟು ಮೈ, ಕೆಂಪು ಕಣ್ಣು, ಅವೇ. ನಾವು ನೀವು ಕೈ ಬೀಸಿ ಓಡಿಸುತ್ತೇವೆ. ಅತ್ತೆ ಅವನ್ನು ಹಿಡಿದು ತಂದು, ಬಾಟಲಿಯೊಳಗೆ ಬಿಟ್ಟು, ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಸಿಹಿ ಉಣಿಸುತ್ತಾಳೆ. ಸಿಹಿಯ ಮೇಲೆ ಸಿಹಿ. ಕೆಲವು ವಾರಗಳಲ್ಲಿ ನೊಣದ ಮೈಯಲ್ಲಿ ಕೊಬ್ಬು ಸೇರುತ್ತದೆ, ರಕ್ತದಲ್ಲಿ, ಅಂದರೆ ನೊಣದ ಮೈಯಲ್ಲಿ ರಕ್ತದಂಥದ್ದು ಏನಿದೆಯೋ ಅದರಲ್ಲಿ, ಸಕ್ಕರೆ ಏರುತ್ತದೆ, ಗುಂಡಿಗೆ ತಾಳ ತಪ್ಪುತ್ತದೆ. ನೊಣಕ್ಕೂ ಗುಂಡಿಗೆಯೇ ಅಂತ ಕೇಳಿದ್ದೆ. ಇದೆಯಂತೆ, ಬೆನ್ನಿನ ಉದ್ದಕ್ಕೂ ಒಂದು ಕೊಳವೆಯ ಹಾಗೆ. ನಮ್ಮ ಮೈಯಲ್ಲಿ ಇನ್ಸುಲಿನ್ ಮಾಡುವ ಕೆಲಸವನ್ನು ನೊಣದ ಮೈಯಲ್ಲಿ ಇನ್ಸುಲಿನ್ನಿನ ನೆಂಟನೊಬ್ಬ ಮಾಡುತ್ತಾನಂತೆ. ಮನುಷ್ಯನಿಗೆ ಸಿಹಿ ತಿನ್ನಿಸಿ ಏನಾಗುತ್ತದೆಂದು ನೋಡುತ್ತಾ ಕೂತರೆ ನೋಡುವವನೇ ಮುದುಕನಾಗುತ್ತಾನೆ. ನೊಣವಾದರೆ ಒಂದು ಹಬ್ಬದಿಂದ ಇನ್ನೊಂದು ಹಬ್ಬದೊಳಗೆ ಹುಟ್ಟಿ, ಬೆಳೆದು, ಕಾಯಿಲೆ ಬಿದ್ದು, ಮೊಮ್ಮಕ್ಕಳನ್ನೂ ಕಂಡು ಹೊರಟುಹೋಗುತ್ತದೆ. ಅತ್ತೆಗೆ ಇದು ಹೇಳಿ ಮಾಡಿಸಿದ ಪ್ರಾಣಿ. ಯಾಕೆಂದರೆ ಕಾಯುವುದು ಅನ್ನುವುದು ಅವಳ ಜಾಯಮಾನದಲ್ಲೇ ಇಲ್ಲ.

ಅತ್ತೆ ಪೇಪರು ಓದುವುದು ನಡೆಯುತ್ತಾ. ಫೋನಿನಲ್ಲಿ ಮಾತಾಡುವುದು ಮೆಟ್ಟಿಲು ಹತ್ತಿ ಇಳಿಯುತ್ತಾ. ಊಟ ನಿಂತುಕೊಂಡು, ಅದೂ ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟುಕೊಂಡು. ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೊರಡುವ ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸುತ್ತಾಳೆ. ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆಲ್ಲ, ಪುರುಸೊತ್ತಾಗಲಿಲ್ಲ ಅನ್ನುವ ಉತ್ತರ. ನಾವು ಗುಂಡ್ಲುಪೇಟೆಯವರು. ಅಲ್ಲಿ ಅಪ್ಪನದೊಂದು ಈರುಳ್ಳಿ ಮಂಡಿ ಇದೆ, ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಅತ್ತೆ ಒಬ್ಬಳೇ ಚಾಮರಾಜನಗರದಲ್ಲಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿಕೊಂಡು, ಈ ಬಾಟಲಿಗಳ ಜೊತೆ ಇದ್ದಾಳೆ. ಬಿಸಿಲಿಗೆ ಕಾಲೇಜಿನ ಲ್ಯಾಬು ಕಾದು ನೊಣಗಳು ಸಾಯುತ್ತವೆಂದು, ಮನೆಯ ಹಿಂದಿನ ತಣ್ಣನೆಯ ಕೋಣೆಯನ್ನು ಅವಕ್ಕೆ ಬಿಟ್ಟುಕೊಟ್ಟು ತಾನು ನಡುಮನೆಯಲ್ಲಿ ಮಲಗುತ್ತಾಳೆ. ನಮ್ಮವ್ವನ ಬಾಯಲ್ಲಿ ಅತ್ತೆಯ ಹೆಸರು ಗುಂಗುರು ಸಾಕೋಳು.

ಬಾಟಲಿಗಳ ವಿಷಯವನ್ನು ಹೇಳಲೇಬೇಕು. ನೊಣ ಸಾಕಲು ಗಾಜಿನ ಬಾಟಲಿ ಬೇಕು, ಬಾಯಿ ಚಿಕ್ಕದಿರಬೇಕು, ಬಿಸಿನೀರು ತಡೆಯಬೇಕು, ಎಲ್ಲ ಒಂದೇ ಅಳತೆಯವಾಗಿರಬೇಕು. ಇಷ್ಟೆಲ್ಲ ಗುಣವಿರುವ ಬಾಟಲಿ ನಮ್ಮ ಸೀಮೆಯಲ್ಲಿ ಧಾರಾಳವಾಗಿ ಸಿಗುವುದು ಒಂದೇ ಬಗೆಯದು. ಅತ್ತೆ ಗುಜರಿ ಅಂಗಡಿಗೆ ಹೋಗಿ ಖಾಲಿ ಕ್ವಾರ್ಟರ್ ಬಾಟಲಿಗಳನ್ನು ಚೀಲಗಟ್ಟಲೆ ಆರಿಸಿ, ಸ್ಕೂಟರಿನ ಕಾಲಿನ ಹತ್ತಿರ ಇಟ್ಟುಕೊಂಡು, ಗಲಗಲ ಸದ್ದು ಮಾಡುತ್ತಾ ಊರ ಮಧ್ಯೆ ಬರುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕಾಲಡಿಯಲ್ಲಿ ಕ್ವಾರ್ಟರು. ಬೀದಿಯವರು ಮೊದಮೊದಲು ನೋಡಿಯೂ ನೋಡದ ಹಾಗಿದ್ದರು. ಆಮೇಲೆ ಹಾಲಿನವನು ಅತ್ತೆಯ ಜೊತೆ ತುಂಬ ಮೆತ್ತಗೆ ಮಾತಾಡತೊಡಗಿದ. ಗುಜರಿಯವನಿಗಂತೂ ಅತ್ತೆ ದೊಡ್ಡ ಗಿರಾಕಿ. ಒಂದು ದಿನ ಆತ ಅಂಗಡಿಗೆ ಹೊಸದಾಗಿ ಫುಲ್ ಬಾಟಲಿಗಳೂ ಬಂದಿವೆ, ಬೇಕಾದರೆ ತೆಗೆದಿಡುತ್ತೇನೆ ಎಂದು ಗುಟ್ಟಾಗಿ ಹೇಳಿದನಂತೆ. ಅತ್ತೆ ನಾಲ್ಕು ಜನರಿಗೆ ಕೇಳುವ ಹಾಗೆ, “ಬೇಡ ಕಣಪ್ಪ, ನಂಗೆ ಕ್ವಾರ್ಟರೇ ಸರಿ, ಅದಕ್ಕಿಂತ ದೊಡ್ಡದು ನನ್ ಕೈಲಿ ಆಗಲ್ಲ” ಅಂದಳಂತೆ. ಬುಡದವರೆಗೆ ಬ್ರಶ್ಶು ಹೋಗುವುದಿಲ್ಲ, ತೊಳೆಯಲು ಆಗುವುದಿಲ್ಲ ಎಂಬುದು ಅವಳ ಅರ್ಥ. ಬೀದಿಗೆ ಮುಟ್ಟಿದ್ದು ಬೇರೆ ಅರ್ಥ.

ಇನ್ನು ನೊಣಗಳ ಊಟ. ರವೆ, ಬೆಲ್ಲ, ನೀರು, ಜೊತೆಗೆ ಗಟ್ಟಿಯಾಗಿ ಹೆಪ್ಪುಗಟ್ಟಲೆಂದು ಅಗರ್ ಎಂಬ ಬಿಳಿ ಪುಡಿ. ಇವನ್ನು ಕಾಸಿ ಮಗುಚಿದರೆ ನೋಡಲಿಕ್ಕೂ ವಾಸನೆಗೂ ನಮ್ಮ ಮನೆಯ ಸಜ್ಜಿಗೆಯೇ. ಕೊನೆಗೆ ಬೂಷ್ಟು ಹಿಡಿಯದಿರಲೆಂದು ಒಂದು ಆಸಿಡ್ಡಿನ ಹನಿ ಹಾಕುತ್ತಾಳೆ, ಅದು ಬಿದ್ದ ಮೇಲೆ ಯಾರೂ ಹತ್ತಿರ ಹೋಗುವ ಹಾಗಿಲ್ಲ, ಅಷ್ಟು ಘಾಟು. ಇದು ಸಾಮಾನ್ಯ ನೊಣಗಳ ಊಟ. ಕಾಯಿಲೆ ಬರಿಸಬೇಕಾದ ನೊಣಗಳಿಗೆ ಇದೇ ಸಜ್ಜಿಗೆಗೆ ಸಕ್ಕರೆ ಸುರಿಯುವುದು. ಹೀಗೆ ಅತ್ತೆಯ ಮನೆಯಲ್ಲಿ ಮೂರು ಅಡುಗೆ. ಆರೋಗ್ಯವಂತ ನೊಣಗಳಿಗೊಂದು, ಶುಗರಿನ ನೊಣಗಳಿಗೊಂದು, ತನಗೊಂದು. ಮೊದಲೆರಡನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ, ಉರಿ ನೋಡಿ, ತಳ ಹತ್ತದ ಹಾಗೆ ಮಾಡುತ್ತಾಳೆ. ಮೂರನೆಯದು ನಿನ್ನೆಯ ಮುದ್ದೆ.

ಗೌರಿ ಹಬ್ಬಕ್ಕೆ ಅಪ್ಪ ತಂಗಿಯನ್ನು ಕರೆಯದೆ ಇರುವುದಿಲ್ಲ, ಅವಳು ಬರದೆ ಇರುವುದಿಲ್ಲ. ಒಂದು ವರ್ಷ ಅವಳ ಪ್ರಯೋಗ ಅರ್ಧದಲ್ಲಿತ್ತು. ನೊಣಗಳನ್ನು ನೋಡಿಕೊಳ್ಳುವವರಿಲ್ಲವೆಂದು ಅವನ್ನೂ ರಟ್ಟಿನ ಡಬ್ಬದಲ್ಲಿ ಜೋಡಿಸಿಕೊಂಡು ಸರ್ಕಾರಿ ಬಸ್ಸು ಹತ್ತಿಬಿಟ್ಟಳು. ತೆರಕಣಾಂಬಿ ಹತ್ತಿರ ಬಸ್ಸು ಯಾವುದೋ ಹಳ್ಳಕ್ಕೆ ಇಳಿದು ಎದ್ದಾಗ ಒಂದು ಬಾಟಲಿಯ ಹತ್ತಿ ಕಿತ್ತುಬಂತು. ಹೊರಟವು ನೊಣಗಳು. ಒಬ್ಬರ ಕಿವಿ, ಒಬ್ಬರ ಮೂಗು, ಒಬ್ಬರು ಹಬ್ಬಕ್ಕೆ ಒಯ್ಯುತ್ತಿದ್ದ ಬಾಳೆಗೊನೆ. ಜನ ಟವೆಲ್ಲು ತೆಗೆದು ಹೊಡೆಯಲು ಶುರು ಮಾಡಿದರು. ಅತ್ತೆ ಎದ್ದು ನಿಂತು, ಹೊಡೆಯಬೇಡಿ, ಅವಕ್ಕೆ ಶುಗರ್ ಇದೆ, ಸುಸ್ತಾಗಿವೆ, ಕಿಟಕಿ ಹಾಕಿ ಸಾಕು, ನಾನೇ ಹಿಡಿಯುತ್ತೇನೆ ಎಂದು ಕೇಳಿಕೊಂಡಳಂತೆ. ಎತ್ತಿದ ಟವೆಲ್ಲುಗಳು ಗಾಳಿಯಲ್ಲೇ ನಿಂತವು. ಕಂಡಕ್ಟರ್ ಟಿಕೆಟ್ ಯಂತ್ರವನ್ನು ಎದೆಗೆ ಒತ್ತಿಕೊಂಡು, ಈ ಕಾಯಿಲೆ ಪ್ರಯಾಣಿಕರಿಗೆ ಅಂಟುವುದಿಲ್ಲ ತಾನೇ ಎಂದು ಕೇಳಿದ. ಅತ್ತೆ ಉತ್ತರ ಕೊಡುವ ಮೊದಲೇ ಪಕ್ಕದ ಸೀಟಿನ ಅಜ್ಜಿಯೊಬ್ಬಳು ಅವಳ ಸೆರಗು ಹಿಡಿದು ಜಗ್ಗಿದಳು.

“ನಂಗೂ ಅದೇ ಕಾಯ್ಲೆ ಕಣವ್ವ. ಆ ನೊಣುಕ್ಕೆ ಯಾವ್ ಮಾತ್ರೆ ಕೊಡ್ತಿದ್ದೀಯ ಏಳು, ನಾನೂ ತಗತೀನಿ.”

ಅಷ್ಟು ಸಾಕಾಯಿತು. ಹಿಂದಿನ ಸೀಟಿನವರು ತಮಗೆ ಊಟಕ್ಕೆ ಮುಂಚೆ ಎಷ್ಟಿದೆ, ಊಟದ ಮೇಲೆ ಎಷ್ಟಿದೆ ಅಂದರು. ಕಂಡಕ್ಟರ್ ತನಗೆ ಹೋದ ವರ್ಷದಿಂದ ಅಂದ. ಡ್ರೈವರ್ ಮುಂದಿನಿಂದಲೇ ಮೇಡಂ, ನೇರಳೆ ಬೀಜದ ಪುಡಿ ತಗೊಂಡರೆ ಹೇಗೆ ಎಂದು ಕೂಗಿ ಕೇಳಿದ. ಗುಂಡ್ಲುಪೇಟೆ ಬರುವ ಹೊತ್ತಿಗೆ ಗೊತ್ತಾದದ್ದೇನೆಂದರೆ, ಬಾಟಲಿಯ ಒಳಗಿದ್ದವುಗಳಿಗೂ ಹೊರಗಿದ್ದವರಿಗೂ ಅಂಥಾ ವ್ಯತ್ಯಾಸವೇನೂ ಇರಲಿಲ್ಲ. ಆ ಬಾಟಲಿಯ ನೊಣಗಳಲ್ಲಿ ಅರ್ಧಕ್ಕರ್ಧ ತಪ್ಪಿಸಿಕೊಂಡಿದ್ದವು. ಅವು ಗುಂಡ್ಲುಪೇಟೆಯಲ್ಲೇ ಇಳಿದು ನೇಂದ್ರ ಬಾಳೆಯ ಲಾರಿ ಹತ್ತಿ ಕೇರಳಕ್ಕೆ ಹೋಗಿರಬೇಕು ಎಂದು ಅತ್ತೆ ಆ ಸಂಜೆಯೆಲ್ಲ ಚಡಪಡಿಸಿದಳು.

ಮಾರನೇ ದಿನ ಹಬ್ಬದ ಊಟ. ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ಆದರೆ ಅವನು ಅದನ್ನು ಮನೆಗೆ ಬಂದು ಹೋಗುವ ದೂರದ ನೆಂಟನ ಹಾಗೆ ಕಾಣುತ್ತಾನೆ. ಇದ್ದರೆ ಇರಲಿ, ಅವನಿಗಾಗಿ ನಮ್ಮ ಊಟ ಯಾಕೆ ಬದಲಾಗಬೇಕು ಅನ್ನುವ ಮನಸ್ಸು. ಅತ್ತೆಗೆ ಇದು ಸಹಿಸುವುದಿಲ್ಲ. ಆವತ್ತು ಎಲೆ ಹಾಕಿ, ಒಬ್ಬಟ್ಟು ಬಂದು, ತುಪ್ಪ ಇನ್ನೇನು ಬೀಳಬೇಕು, ಆಗ ಅತ್ತೆ ಎರಡು ಬಾಟಲಿ ತಂದು ಅಪ್ಪನ ಎಲೆಯ ಮುಂದೆ ಇಟ್ಟಳು. ಅವ್ವ ಹಣೆ ಚಚ್ಚಿಕೊಂಡಳು. ಅತ್ತೆ ಲೆಕ್ಕಿಸಲಿಲ್ಲ. ಬಾಟಲಿಯನ್ನು ಮೆಲ್ಲಗೆ ತಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ, ಬಿದ್ದ ತಕ್ಷಣ ಗೋಡೆ ಹತ್ತಿ ಮೇಲಕ್ಕೆ ಓಡುವುದು ಅವುಗಳ ಹುಟ್ಟುಗುಣ, ಈಗ ನೋಡಿ ಎಂದಳು. ಮೊದಲನೆಯ ಬಾಟಲಿ ತಟ್ಟಿದಳು. ಎಲ್ಲವೂ ಶಾಲೆ ಬಿಟ್ಟ ಮಕ್ಕಳ ಹಾಗೆ ಸರಸರ ಮೇಲೆ ಬಂದವು. ಎರಡನೆಯದು, ಸಕ್ಕರೆಯ ಬಾಟಲಿ. ಅದರಲ್ಲಿ ಕೆಲವು ತಳದಲ್ಲೇ ಉಳಿದವು, ಕೆಲವು ಅರ್ಧ ಹತ್ತಿ ನಿಂತವು, ಒಂದು ಹತ್ತುವುದು ಜಾರುವುದು ಮಾಡುತ್ತಿತ್ತು. ನಾವೆಲ್ಲ ಊಟ ಮರೆತು ಬಗ್ಗಿ ಅದನ್ನೇ ನೋಡಿದೆವು. ನೋಡಿದೆಯಾ ಅಣ್ಣ, ಇದು ಸಿಹಿ ಮಾಡಿದ ಕೆಲಸ ಎಂದು ಅತ್ತೆ ತಿರುಗಿದಳು.

ಅಪ್ಪನ ಎಲೆಯಲ್ಲಿದ್ದ ಒಬ್ಬಟ್ಟು ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಎಲೆಯದೂ ಇರಲಿಲ್ಲ. ಅಪ್ಪ ಬಾಯಿ ಒರೆಸಿಕೊಳ್ಳುತ್ತಾ, ಬಾಟಲಿಯನ್ನು ತುಂಬ ಕನಿಕರದಿಂದ ನೋಡಿ, “ಪಾಪ, ಅದುಕ್ಕೆ ಮೇಲ್ಗಡೆ ಅಂತಾ ಕೆಲ್ಸ ಏನಿತ್ತು ಬುಡಮ್ಮಿ” ಅಂದ.

ನಗಬೇಕಾದದ್ದೇ. ನಾವೂ ನಕ್ಕೆವು. ಆ ನಗುವನ್ನು ನಿಲ್ಲಿಸಿದ್ದು ಒಂದು ಮೊಳೆ.

ಹಬ್ಬ ಕಳೆದು ಕೆಲವು ತಿಂಗಳಾಗಿತ್ತು. ಅಪ್ಪ ಸಂಜೆ ಮಂಡಿಯಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅವ್ವ ನೆಲದ ಮೇಲೆ ರಕ್ತದ ಗುರುತು ನೋಡಿದಳು. ಚಪ್ಪಲಿ ಎತ್ತಿ ನೋಡಿದರೆ ಅಟ್ಟೆಯನ್ನು ಚುಚ್ಚಿಕೊಂಡು ಮೊಳೆಯೊಂದು ಒಳಕ್ಕೆ ಬಂದಿತ್ತು. ಮಂಡಿಯ ಬೀದಿಯಲ್ಲಿ ಮುರಿದು ಬಿದ್ದಿರುವ ಟೊಮೆಟೊ ಪೆಟ್ಟಿಗೆಯದು. ಅಪ್ಪ ಅದರ ಮೇಲೆ ಇಡೀ ದಿನ ಓಡಾಡಿದ್ದ. ಲಾರಿಗೆ ಮೂಟೆ ಹಾಕಿಸಿದ್ದ, ಬಸ್‌ಸ್ಟ್ಯಾಂಡಿಗೆ ಹೋಗಿ ಟೀ ಕುಡಿದು ಬಂದಿದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ. ಕಿರುಬೆರಳಿನ ಬುಡದಲ್ಲಿ ತೂತು ಬಿದ್ದಿತ್ತು. ನೋಯುತ್ತಿಲ್ಲ, ಯಾಕೆ ಗಲಾಟೆ ಅಂದ. ಫೋನಿನಲ್ಲಿ ಇದನ್ನು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು, ನೋವಾಗಲಿಲ್ಲ ಅಂತ ಅವನೇ ಹೇಳಿದನಾ ಅಂತ. ಹೌದು ಅಂದೆ. ಫೋನು ಕಟ್ಟಾಯಿತು. ಬೆಳಿಗ್ಗೆ ನಾವು ಕಾಫಿ ಕುಡಿಯುವ ಹೊತ್ತಿಗೆ ಅವಳ ಸ್ಕೂಟರು ನಮ್ಮ ಬಾಗಿಲಲ್ಲಿತ್ತು. ಚಾಮರಾಜನಗರದಿಂದ ಅಷ್ಟು ದೂರ ಅದರಲ್ಲೇ ಬಂದಿದ್ದಳು.

ಗಾಯ ಒಣಗಲಿಲ್ಲ. ಚಾಮರಾಜನಗರದ ಡಾಕ್ಟರು ನೋಡಿ, ಸಕ್ಕರೆಯಿಂದ ಕಾಲಿನ ನರ ಸತ್ತಿದೆ, ಅದಕ್ಕೇ ನೋವಿಲ್ಲ, ಸಕ್ಕರೆ ಇಳಿಯದೆ ಇದು ವಾಸಿಯಾಗುವುದಿಲ್ಲ, ಹೀಗೇ ಬಿಟ್ಟರೆ ಮೊದಲು ಬೆರಳು, ಆಮೇಲೆ ಪಾದ ಎಂದು ನೇರವಾಗಿ ಹೇಳಿದರು. ಅಪ್ಪ ಆಗಲೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಹೊರಗೆ ಬರುತ್ತಲೇ ಅತ್ತೆ ತೀರ್ಮಾನ ಮಾಡಿಬಿಟ್ಟಳು. ಅಣ್ಣ ಇನ್ನು ಮೇಲೆ ತನ್ನ ಮನೆಯಲ್ಲಿರುತ್ತಾನೆ, ತಾನು ಹಾಕಿದ್ದನ್ನು ತಿನ್ನುತ್ತಾನೆ. ಅವ್ವನಿಗೆ ಜೊತೆಯಲ್ಲಿ ಹೋಗಿರುವ ಆಸೆ. ನೀನು ಬಂದರೆ ಅವನು ಕಣ್ಣಲ್ಲಿ ಕೇಳಿದರೂ ಕೊಟ್ಟುಬಿಡುತ್ತೀಯ ಅತ್ತಿಗೆ ಎಂದು ಅತ್ತೆ ಒಪ್ಪಲಿಲ್ಲ. ಅದು ನಿಜವೂ ಹೌದು.

ಅಲ್ಲಿಂದ ಅಪ್ಪ ಅತ್ತೆಯ ಕೈಗೆ ಸಿಕ್ಕಿದ. ಬೆಳಿಗ್ಗೆ ಅಳತೆಯ ರಾಗಿರೊಟ್ಟಿ, ಮಧ್ಯಾಹ್ನ ಅಳತೆಯ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು. ಹೊತ್ತು ಹೊತ್ತಿಗೆ ಬೆರಳು ಚುಚ್ಚಿ ರಕ್ತ ನೋಡುವುದು. ತನ್ನನ್ನೂ ಬಾಟಲಿಗೆ ಹಾಕಿ ಹತ್ತಿ ತುರುಕಿದ್ದಾಳೆ ಅಂತ ಅಪ್ಪ ನನಗೆ ಫೋನಿನಲ್ಲಿ ದೂರಿದ. ವಿಚಿತ್ರವೆಂದರೆ ಸಕ್ಕರೆ ಇಳಿಯಲಿಲ್ಲ. ಮೊದಲು ಅತ್ತೆ ಯಂತ್ರ ಕೆಟ್ಟಿದೆ ಅಂದಳು, ಹೊಸ ಯಂತ್ರ ತಂದಳು. ಆಮೇಲೆ ರಾಗಿಯ ಮೇಲೆ ಅನುಮಾನ ಬಂತು. ಹರವೆಯಿಂದ ಬಂದ ರಾಗಿ ಬಿಟ್ಟು ಹರದನಹಳ್ಳಿಯಿಂದ ತರಿಸಿದಳು, ರಾಗಿಗೂ ಊರಿಗೂ ಏನು ಸಂಬಂಧವೋ. ಆಮೇಲೆ ಮಾತ್ರೆ, ಆಮೇಲೆ ಡಾಕ್ಟರು. ನಾನು ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಸಂಘದಲ್ಲಿ ಕೂತರೆ ಮನಸ್ಸು ಚಾಮರಾಜನಗರದಲ್ಲಿ, ಚಾಮರಾಜನಗರಕ್ಕೆ ಹೋದರೆ ಬಾಗಿಲು ಹಾಕಿದ ಅಪ್ಪನ ಮಂಡಿಯಲ್ಲಿ. ಹೋದಾಗಲೆಲ್ಲ ಗಾಯದ ಬಣ್ಣ ಹಿಂದಿನ ಸಲಕ್ಕಿಂತ ಕೆಟ್ಟಿರುತ್ತಿತ್ತು. ಅತ್ತೆ ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದಳು. ಏನೋ ಒಂದು ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ ಕಣೋ ಅನ್ನುತ್ತಿದ್ದಳು.

ಅದೇ ದಿನಗಳಲ್ಲಿ ಅವಳಿಗೆ ಇನ್ನೊಂದು ತಲೆನೋವು. ವಾರಕ್ಕಾಗುವಷ್ಟು ನೊಣದ ಊಟ ಕಾಸಿ ಸ್ಟೀಲಿನ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಡುವುದು, ಬೇಕಾದಾಗ ಕರಗಿಸಿ, ಆಗ ಆಸಿಡ್ಡು ಹಾಕಿ ಬಾಟಲಿಗೆ ಸುರಿಯುವುದು ಅವಳ ಪದ್ಧತಿ. ಸಕ್ಕರೆ ಸುರಿದ ಊಟದ ಡಬ್ಬಿ ವಾರ ಮುಗಿಯುವ ಮೊದಲೇ ಖಾಲಿಯಾಗುತ್ತಿತ್ತು. ತೂಕದಲ್ಲಿ ತಪ್ಪಿದೆನೇನೋ ಎಂದು ತಕ್ಕಡಿ ಬದಲಾಯಿಸಿದಳು. ನಿಮಗೆ ಈಗಾಗಲೇ ಗೊತ್ತಾಗಿದೆ. ನನಗೂ ಗೊತ್ತಾಗಬೇಕಿತ್ತು. ಆದರೆ ಯಂತ್ರ, ರಾಗಿ, ಮಾತ್ರೆ, ತಕ್ಕಡಿ ಎಲ್ಲದರ ಮೇಲೂ ಅನುಮಾನಪಟ್ಟ ನಮಗೆ ಹೊರಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಅರವತ್ತು ದಾಟಿದ ಯಜಮಾನನ ಮೇಲೆ ಅನುಮಾನ ಬರಲಿಲ್ಲ.

ಆವತ್ತು ಮಧ್ಯಾಹ್ನ ನಾನು ಮನೆಯಿಂದ ತರಕಾರಿ ತೆಗೆದುಕೊಂಡು, ಬಸ್ಸಿಳಿದು ನೇರ ಅತ್ತೆಯ ಕಾಲೇಜಿಗೆ ಹೋಗಿದ್ದೆ. ಅಲ್ಲಿ ಕರೆಂಟು ಹೋಗಿ ಪ್ರಾಕ್ಟಿಕಲ್ ನಿಂತಿತ್ತು. ಅತ್ತೆ ಗೇಟಿನಲ್ಲೇ ನನ್ನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೊತ್ತಿಗೆ ಮುಂಚೆ ಮನೆಗೆ ಬಂದಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿತ್ತು. ಅಪ್ಪ ಪಟ್ಟಿ ಕಟ್ಟಿದ ಕಾಲನ್ನು ಹಿಮ್ಮಡಿಯ ಮೇಲೆ ಊರಿ, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಚಮಚ ಹಿಡಿದು ನಿಂತಿದ್ದ. ಬಾಯಿ ತುಂಬಿತ್ತು. ನಮ್ಮನ್ನು ನೋಡಿ ಅವಸರವಿಲ್ಲದೆ ನುಂಗಿಕೊಂಡ. ಸುಳ್ಳು ಹೇಳಲು ಯೋಚಿಸಿದನೋ ಏನೋ, ಸುಳ್ಳಿಗೆ ಜಾಗವೇ ಇರಲಿಲ್ಲ. ಕೊನೆಗೆ ಹೇಳಿದ.

“ಚೂರು ಏಲಕ್ಕಿ ಹಾಕಿದ್ರೆ ಇನ್ನೂ ಚೆನ್ನಾಗಿರದು ಕಣಮ್ಮಿ.”

ನನಗೆ ನಗು ಬಂದುಬಿಟ್ಟಿತು. ತಡೆಯಲು ಆಗಲಿಲ್ಲ. ಕಾಯಿಲೆ ಬರಲೆಂದು ನೊಣಗಳಿಗೆ ಕಾಸಿದ್ದನ್ನು ಅದೇ ಕಾಯಿಲೆಗೆ ಪಥ್ಯದಲ್ಲಿರುವ ಮನುಷ್ಯ ಕದ್ದು ತಿಂದು, ರುಚಿಯನ್ನೂ ತಿದ್ದುತ್ತಿದ್ದಾನೆ. ಅತ್ತೆ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಹೋಗಿ ಚಮಚವನ್ನು ಕೈಯಿಂದ ತೆಗೆದುಕೊಂಡಳು. ಯಾವಾಗಿನಿಂದ ಎಂದು ಕೇಳಿದಳು. ಬಂದ ಮಾರನೇ ದಿನದಿಂದ ಅಂದ ಅಪ್ಪ. ಆಸಿಡ್ಡು ಹಾಕಿದ್ದು ಯಾವುದಾದರೂ ತಿಂದೆಯಾ ಅಂತ ಕೇಳಿದಳು. ಅದರ ಘಾಟಿಗೆ ಹತ್ತಿರ ಹೋಗಲಿಲ್ಲ ಅಂದ. ಅತ್ತೆ ಅವನ ಕೈಯಲ್ಲಿದ್ದ ಡಬ್ಬಿಗೆ ಬಗ್ಗಿ, ಎಷ್ಟು ಖಾಲಿಯಾಗಿದೆ ಎಂದು ಅಳೆಯುವ ಹಾಗೆ ನೋಡಿದಳು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ನಾನೇ ಕಾಸಿಟ್ನಲ್ಲಣ್ಣ,” ಅಂದಳು. “ದಿನಾ ಬೆರಳು ಚುಚ್ಚಿ ನೋಡ್ತಿದ್ದೆ. ದಿನಾ ನಾನೇ ಕಾಸಿಡ್ತಿದ್ದೆ.”

“ಒಂದೆರಡು ಚಮಚ ಬುಡಮ್ಮಿ. ನೊಣ ತಿಂದು ಬದುಕ್ಕತಾ ಇಲ್ವಾ.”

“ಬದುಕಲ್ಲ. ಅದ್ನೇ ಅಲ್ವ ನಾನು ಇಷ್ಟು ವರ್ಷದಿಂದ ನೋಡ್ತಿರದು. ಒಂದು ಬಾಟ್ಲಿ ನೊಣ ಹೋದ್ರೆ ನಂಗೆ ಇನ್ನೊಂದು ಬಾಟ್ಲಿ ಅದೆ, ಅದೂ ಹೋದ್ರೆ ಮತ್ತೊಂದು ಅದೆ. ನೀನು ಒಬ್ನೇ ಇರದು ನಂಗೆ. ಇನ್ನೊಂದು ಎಲ್ಲಿಂದ ತರ್ಲಿ?”

ಅಪ್ಪ ಡಬ್ಬಿಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ, ತಪ್ಪು ಜಾಗದಲ್ಲಿಟ್ಟರೆ ಸ್ಟೀಲೂ ಒಡೆದುಹೋಗುತ್ತದೇನೋ ಅನ್ನುವ ಹಾಗೆ. ಅತ್ತೆ ಫ್ರಿಜ್ಜಿನಲ್ಲಿದ್ದ ಸಕ್ಕರೆಯ ಡಬ್ಬಿಗಳನ್ನೆಲ್ಲ ಹಿತ್ತಲಿಗೆ ಒಯ್ದು ಸುರಿದಳು. ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದಳು. ಆಮೇಲೆ ಸ್ಕೂಟರು ಅಲ್ಲೇ ಬಿಟ್ಟು ಬರಿಗಾಲಿನಲ್ಲಿ ಎಲ್ಲಿಗೋ ನಡೆದು ಹೋದವಳು ಹೊತ್ತು ಇಳಿಯುವಾಗ ಬಂದಳು. ಅವಳು ಬಂದ ಮೇಲೆ ಅಪ್ಪ ತಾನಾಗಿಯೇ ಊಟಕ್ಕೆ ಕೇಳಿದ. ಮುದ್ದೆ ಬಡಿಸಿದಳು. ಅವನು ಅದನ್ನು ಮೊದಲ ಸಲ ಗೊಣಗದೆ, ಕೊನೆಯ ತುತ್ತಿನವರೆಗೆ ತಿಂದ.

ಬೆರಳು ಉಳಿಯಲಿಲ್ಲ. ಕಿರುಬೆರಳು ಕಪ್ಪಾಗಿ ಹೋಗಿತ್ತು, ತೆಗೆದರು. ಪಾದ ಉಳಿಯುತ್ತದೋ ಇಲ್ಲವೋ ಅನ್ನುವುದು ಇನ್ನೂ ಕೆಲವು ವಾರ ಗೊತ್ತಾಗದೆ ಹಾಗೇ ತೂಗಾಡುತ್ತಿತ್ತು. ಆದರೆ ಈಗ ಸಕ್ಕರೆ ಇಳಿಯತೊಡಗಿತ್ತು. ಆಸ್ಪತ್ರೆಯಲ್ಲಿ ಅಪ್ಪ ಮಲಗಿದ್ದಲ್ಲೇ ಒಂದು ದಿನ ಅತ್ತೆಯ ನೊಣಗಳ ಸಮಾಚಾರ ಕೇಳಿದ. ಡಬ್ಬಿಗಳನ್ನು ಸುರಿದ ದಿನ ಆ ಶುಗರಿನ ನೊಣಗಳಿಗೆ ತಿನ್ನಲು ಏನೂ ಇರಲಿಲ್ಲ. ಅತ್ತೆ ಅವನ್ನೂ ಸಾಮಾನ್ಯ ಊಟದ ಬಾಟಲಿಗಳಿಗೆ ಬಿಟ್ಟಿದ್ದಳು. ತಿಂಗಳುಗಳ ಪ್ರಯೋಗ ಹಾಳಾಗಿತ್ತು, ಅವಳಿಗೆ ಅದರ ಯೋಚನೆಯೇ ಇದ್ದಂತಿರಲಿಲ್ಲ. ಅವುಗಳಿಗೆ ಏನಾಯಿತು, ಸತ್ತವಾ ಅಂತ ಅಪ್ಪ ವಿಚಾರಿಸಿದ. ಕೆಲವು ಸತ್ತವು, ಕೆಲವು ಮತ್ತೆ ಮೇಲಕ್ಕೆ ಹತ್ತುತ್ತಿವೆ, ಪೂರ್ತಿ ಮೊದಲಿನ ಹಾಗಲ್ಲ, ಆದರೂ ಹತ್ತುತ್ತಿವೆ ಅಂದಳು ಅತ್ತೆ. ಆಮೇಲಿಂದ ಅಪ್ಪ ದಿನವೂ ಕೇಳುವನು. ಇವತ್ತು ಎಷ್ಟು ಹತ್ತಿದವು, ಆ ಜಾರುತ್ತಿದ್ದದ್ದು ಏನಾಯಿತು ಅಂತ. ಆ ಜಾರುತ್ತಿದ್ದ ನೊಣ ಗೌರಿ ಹಬ್ಬದ್ದು, ಅದರ ಮೊಮ್ಮಕ್ಕಳ ಮೊಮ್ಮಕ್ಕಳೂ ಈಗ ಇರಲಾರವು ಅನ್ನುವ ಮಾತನ್ನು ಅತ್ತೆ ಅವನಿಗೆ ಹೇಳಲಿಲ್ಲ. ಚೆನ್ನಾಗಿದೆ ಅಂದಳು. ವಿಜ್ಞಾನದಲ್ಲಿ ಅವಳು ಹೇಳಿದ ಸುಳ್ಳು, ನನಗೆ ತಿಳಿದಂತೆ, ಅದೊಂದೇ.

ಪಾದ ಉಳಿಯಿತು. ಅಪ್ಪ ಗುಂಡ್ಲುಪೇಟೆಗೆ ಬಂದ, ಮಂಡಿ ತೆಗೆದ. ಕಾಲಿಗೆ ಈಗ ಮೆತ್ತನೆಯ, ಮುಚ್ಚಿದ ಚಪ್ಪಲಿ. ಹೊರಡುವ ಮೊದಲು ಅದನ್ನು ತಲೆಕೆಳಗು ಮಾಡಿ ಕೊಡವಿ ನೋಡುವುದನ್ನು ಅವ್ವ ಕಲಿತಿದ್ದಾಳೆ. ನೊಣಗಳೆಲ್ಲ ಕಾಲೇಜಿನ ಲ್ಯಾಬಿಗೆ, ಅಲ್ಲಿನ ಬಾಟಲಿಗಳಿಗೆ ಹೋದವು. ಯಾರನ್ನು ಹೇಗೆ ಒಪ್ಪಿಸಿದಳೋ, ಅಲ್ಲೊಂದು ಏಸಿ ಹಾಕಿಸಿದ್ದಾಳೆ. ಗುಜರಿಯವನು ಅತ್ತೆ ಕುಡಿತ ಬಿಟ್ಟಳೆಂದು ಸಂತೋಷಪಟ್ಟನೋ, ಗಿರಾಕಿ ಹೋಯಿತೆಂದು ಬೇಸರಪಟ್ಟನೋ ತಿಳಿಯದು. ಸಕ್ಕರೆಯ ಊಟ ಈಗ ಮನೆಯಲ್ಲಿ ಕಾಸುವುದಿಲ್ಲ.

ಹೋದ ಭಾನುವಾರ ಅತ್ತೆ ಬಂದಿದ್ದಳು. ಜಗಲಿಯಲ್ಲಿ ಅಪ್ಪ ಕುರ್ಚಿಯ ಮೇಲೆ ಕೂತಿದ್ದ. ರಸ್ತೆಯಲ್ಲಿ ತರಕಾರಿಯ ಲಾರಿಗಳು ಕೇರಳದ ಕಡೆಗೆ ಹೋಗುತ್ತಿದ್ದವು. ಶುಗರ್ ಇರುವವರ ಪಾದವನ್ನು ದಿನವೂ ನೋಡಬೇಕು, ಅವರಿಗೆ ತಿಳಿಯದ ಹಾಗೆ ಗಾಯವಾಗಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವ್ವ ದಿನಾ ನೋಡುತ್ತಾಳೆ, ಆದರೂ ಅತ್ತೆಗೆ ತಾನೇ ನೋಡಿದರೆ ಸಮಾಧಾನ. ಕನ್ನಡಕ ಹಾಕಿಕೊಂಡು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತು, ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಇಲ್ಲದ ಬೆರಳಿನ ಜಾಗವನ್ನೂ ಮುಟ್ಟಿ ನೋಡಿದಳು. ಹಿಮ್ಮಡಿಯ ಬಿರುಕು ಕಾಣಲಿಲ್ಲವೆಂದು ಇನ್ನೂ ಬಗ್ಗಿದಾಗ ಅವಳ ಹಣೆ ಅಪ್ಪನ ಮೊಣಕಾಲಿಗೆ ತಾಕುವಷ್ಟು ಹತ್ತಿರ ಬಂತು.

ನಮ್ಮಲ್ಲಿ ತಂಗಿ ಅಣ್ಣನ ಕಾಲಿಗೆ ಬಗ್ಗುವುದು ಹಬ್ಬದಲ್ಲಿ, ನಮಸ್ಕಾರ ಮಾಡುವಾಗ. ಅಪ್ಪ ರಸ್ತೆಯ ಕಡೆ ನೋಡುತ್ತಿದ್ದವನು, ಕಾಲ ಬಳಿ ತಲೆ ಬಗ್ಗಿದ್ದು ಕಂಡು, ಅಭ್ಯಾಸಬಲದಿಂದ ಕೈ ಎತ್ತಿ ಅವಳ ತಲೆಯ ಮೇಲೆ ಇಟ್ಟುಬಿಟ್ಟ. ಇಟ್ಟ ಮೇಲೆ ಅವನಿಗೆ ತಿಳಿಯಿತು, ಇದು ನಮಸ್ಕಾರವಲ್ಲ ಅಂತ. ಕೈ ತೆಗೆಯುವುದೋ ಬಿಡುವುದೋ ಗೊತ್ತಾಗದೆ ನನ್ನ ಮುಖ ನೋಡಿದ. ನಾನು ಬೇರೆ ಕಡೆ ತಿರುಗಿದೆ. ಅತ್ತೆ ಕಾಲು ನೋಡುವುದು ಮುಗಿದಿತ್ತು ಅಂತ ನನಗೆ ಗೊತ್ತು. ಅವಳು ತಲೆ ಎತ್ತಲಿಲ್ಲ. ಅವನು ಕೈ ತೆಗೆಯಲಿಲ್ಲ.